ಅಪ್ಪನ ಹೆಸರಲ್ಲೇ ಇರುವ ಮನೆ: ಖಾತೆ ಬದಲಾವಣೆಗೆ ಎಲ್ಲಿಂದ ಶುರು ಮಾಡಬೇಕು?

"ಅಪ್ಪ ಹೋಗಿ ಮೂರು ವರ್ಷ ಆಯ್ತು. ಮನೆ ಇನ್ನೂ ಅವರ ಹೆಸರಲ್ಲೇ ಇದೆ. ಖಾತೆ ಮಾಡಿಸಬೇಕು, ಎಲ್ಲಿಗೆ ಹೋಗಬೇಕು?" ಮೈಸೂರಿನ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕುವೆಂಪುನಗರ, ಸರಸ್ವತಿಪುರಂ, ಜೆ.ಪಿ. ನಗರದಂಥ ಕಡೆ ಸೈಟು ಹಂಚುತ್ತಿದ್ದ ಸರ್ಕಾರಿ ಸಂಸ್ಥೆಗಳಾದ ಸಿಐಟಿಬಿ ಅಥವಾ ಮುಡಾದಿಂದ ಸೈಟು ಪಡೆದು ಅಪ್ಪ-ಅಮ್ಮ ಕಟ್ಟಿಸಿದ ಮನೆಗಳು ತುಂಬಾ ಇವೆ. ಮಕ್ಕಳು ಬೆಂಗಳೂರಲ್ಲೋ ಹೊರದೇಶದಲ್ಲೋ ಇರುತ್ತಾರೆ. ಕಂದಾಯ ಕಟ್ಟುತ್ತಾರೆ, ರಸೀದಿ ಅಪ್ಪನ ಹೆಸರಿಗೇ ಬರುತ್ತಿರುತ್ತದೆ. ತೊಂದರೆ ಗೊತ್ತಾಗುವುದು ಬ್ಯಾಂಕಿಗೆ ಸಾಲ ಕೇಳಲು ಹೋದಾಗ, ಇಲ್ಲವೇ ಮನೆ ಮಾರಲು ಹೊರಟಾಗ.

ಶುರುವಿನಲ್ಲೇ ಒಂದು ಮಾತು ಸ್ಪಷ್ಟ ಮಾಡಿಕೊಳ್ಳೋಣ. ಖಾತೆ ಬೇರೆ, ಒಡೆತನ ಬೇರೆ. ಈ ಮನೆಯ ಕಂದಾಯವನ್ನು ಯಾರಿಂದ ವಸೂಲಿ ಮಾಡಬೇಕು ಅಂತ ಪಾಲಿಕೆ ತನ್ನ ಪುಸ್ತಕದಲ್ಲಿ ಬರೆದುಕೊಂಡಿರುವುದೇ ಖಾತೆ. ಅದರಲ್ಲಿ ನಿಮ್ಮ ಹೆಸರು ಬಂದ ಮಾತ್ರಕ್ಕೆ ಮನೆ ಪೂರ್ತಿ ನಿಮ್ಮದಾಗುವುದಿಲ್ಲ. ನಿಮ್ಮ ಹೆಸರು ಇಲ್ಲ ಅಂದ ಮಾತ್ರಕ್ಕೆ ನಿಮ್ಮ ಪಾಲು ಹೋಗುವುದೂ ಇಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಅಣ್ಣ-ತಂಗಿಯರು ವರ್ಷಗಟ್ಟಲೆ ಮಾತು ಬಿಟ್ಟಿದ್ದಾರೆ.

ಅಪ್ಪ ವಿಲ್ ಬರೆಯದೆ ತೀರಿಕೊಂಡಿದ್ದಾರೆ, ಮನೆ ಅವರ ಸ್ವಂತ ದುಡಿಮೆಯದು ಅಂತ ಇಟ್ಟುಕೊಂಡು ಮುಂದಿನ ಹಂತಗಳನ್ನು ಬರೆದಿದ್ದೇನೆ. ಹೆಚ್ಚಿನವರ ಪರಿಸ್ಥಿತಿ ಅದೇ.

ಹಂತ 1: ಕಡತ ಯಾವ ಕಚೇರಿಯಲ್ಲಿದೆ ನೋಡಿಕೊಳ್ಳಿ

ಕೊನೆಯ ಕಂದಾಯ ರಸೀದಿ ತೆಗೆಯಿರಿ. ಅದರ ತಲೆಯ ಮೇಲೆ ಅಚ್ಚಾಗಿರುವ ಹೆಸರೇ ಉತ್ತರ. ಮೈಸೂರು ಮಹಾನಗರ ಪಾಲಿಕೆ ಅಂತಿದ್ದರೆ ನಿಮ್ಮ ವಾರ್ಡಿನ ವಲಯ ಕಚೇರಿಗೆ ಹೋಗಬೇಕು. ಪಾಲಿಕೆಗೆ ಇಂಥ 9 ವಲಯ ಕಚೇರಿಗಳಿವೆ. ಮಂಡ್ಯ ಊರೊಳಗಿನ ಮನೆಯಾದರೆ ನಗರಸಭೆ. ಹಳ್ಳಿ ಮನೆಯಾದರೆ ಗ್ರಾಮ ಪಂಚಾಯಿತಿ. ಅಲ್ಲಿ ಇ-ಸ್ವತ್ತು ತಂತ್ರಾಂಶದಲ್ಲಿ ಕೊಡುವ ನಮೂನೆ 9 ಮತ್ತು 11 ನಿಮಗೆ ಬೇಕಾದ ಕಾಗದಗಳು.

ಊರಿನ ಅಂಚಿನಲ್ಲಿರುವವರು ಸ್ವಲ್ಪ ಜಾಸ್ತಿ ಗಮನ ಕೊಡಿ. ಹೂಟಗಳ್ಳಿ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳದ ಕಡೆಯ ಎಷ್ಟೋ ಬಡಾವಣೆಗಳು ಮೊದಲು ಗ್ರಾಮ ಪಂಚಾಯಿತಿಯಲ್ಲಿದ್ದು, ಆಮೇಲೆ ನಗರಸಭೆಗೋ ಪಟ್ಟಣ ಪಂಚಾಯಿತಿಗೋ ಸೇರಿದವು. ಇನ್ನು ಕೆಲವು ಬಡಾವಣೆಗಳ ಖಾತೆ ಮುಡಾದಲ್ಲೇ ಇತ್ತು, ಹಸ್ತಾಂತರ ಆದಮೇಲೆ ಸ್ಥಳೀಯ ಸಂಸ್ಥೆಗೆ ಬಂತು. ಹಳೇ ಕಡತ ಒಂದು ಕಡೆ, ಈಗ ಕಂದಾಯ ಕಟ್ಟುವುದು ಇನ್ನೊಂದು ಕಡೆ ಆಗಿರಬಹುದು. ಹಾಗಿದ್ದರೆ ಹಳೇ ಕಚೇರಿಯ ಖಾತೆ ನಕಲು, ಹಳೇ ರಸೀದಿ ಎರಡನ್ನೂ ಜೊತೆಗೆ ಒಯ್ಯಿರಿ.

ಹಂತ 2: ಕಾಗದ ಪತ್ರ ಹೊಂದಿಸಿಕೊಳ್ಳಿ

ಬೇಕಾಗುವುದು ಇಷ್ಟು:

- ಅಪ್ಪನ ಮರಣ ಪ್ರಮಾಣಪತ್ರ
- ವಂಶವೃಕ್ಷ, ಅಂದರೆ ಅವರ ವಾರಸುದಾರರು ಯಾರು ಯಾರು ಅಂತ ತೋರಿಸುವ ಪತ್ರ
- ಮನೆಯ ಮೂಲ ಪತ್ರ: ಕ್ರಯಪತ್ರ, ಅಥವಾ ಸಿಐಟಿಬಿ-ಮುಡಾ ಹಕ್ಕುಪತ್ರ
- ಹಳೇ ಖಾತೆ ನಕಲು, ಈ ವರ್ಷದವರೆಗಿನ ಕಂದಾಯ ರಸೀದಿ
- ಇಸಿ, ಅಂದರೆ ಋಣಭಾರ ಪತ್ರ
- ಎಲ್ಲ ವಾರಸುದಾರರ ಆಧಾರ್, ಫೋಟೊ

ಇಸಿ ಅಂದರೆ ಆ ಆಸ್ತಿಯ ಮೇಲೆ ನೋಂದಣಿ ಆಗಿರುವ ಮಾರಾಟ, ಅಡಮಾನ, ದಾನಗಳ ಪಟ್ಟಿ. ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಮನೆಯಲ್ಲೇ ಕೂತು ತೆಗೆಯಬಹುದು. ಕಂಪ್ಯೂಟರಿನಲ್ಲಿ ಸಿಗುವುದು 2004ರ ಏಪ್ರಿಲ್ 1ರಿಂದ ಈಚಿನದು. ಅದಕ್ಕೂ ಹಿಂದಿನದು ಬೇಕಿದ್ದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಹಳೇ ಪುಸ್ತಕ ಹುಡುಕಿಸಬೇಕು. ಮೂಲ ಕ್ರಯಪತ್ರ ಕಳೆದಿದ್ದರೆ ಗಾಬರಿ ಬೇಡ. ನೋಂದಣಿ ಆದ ಪತ್ರದ ದೃಢೀಕೃತ ನಕಲು ಅದೇ ಕಚೇರಿಯಲ್ಲಿ ಸಿಗುತ್ತದೆ.

ಇಸಿಯಲ್ಲಿ ಅಪ್ಪನ ಹಳೇ ಗೃಹಸಾಲ ಇನ್ನೂ ಕಾಣುತ್ತಿದೆಯೇ? ಸಾಲ ತೀರಿದ್ದರೂ ಅಡಮಾನ ಬಿಡುಗಡೆ ಪತ್ರ ನೋಂದಣಿ ಆಗಿರುವುದಿಲ್ಲ, ಇದು ತುಂಬಾ ಮನೆಗಳಲ್ಲಿ ಆಗುತ್ತದೆ. ಬ್ಯಾಂಕಿಗೆ ಹೋಗಿ ಸರಿಮಾಡಿಸಿ. ಇದಕ್ಕೆ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ: 2023ರ ಡಿಸೆಂಬರ್ 1ರ ನಂತರ ತೀರಿದ ಸಾಲಗಳಲ್ಲಿ 30 ದಿನದೊಳಗೆ ಮೂಲ ಪತ್ರ ವಾಪಸ್ ಕೊಡಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು.

ಈ ಹಂತದಲ್ಲಿ ಜನ ಜಾಸ್ತಿ ಎಡವುವುದು ಹೆಸರಿನಲ್ಲಿ. ಹಕ್ಕುಪತ್ರದಲ್ಲಿ ‘ಕೆ.ಎಸ್. ನಂಜುಂಡಯ್ಯ’, ಆಧಾರ್‌ನಲ್ಲಿ ‘ನಂಜುಂಡ ಕೆ ಎಸ್’, ಮರಣ ಪತ್ರದಲ್ಲಿ ಬರೀ ‘ನಂಜುಂಡಯ್ಯ’ ಅಂತ ಇರುತ್ತದೆ. ಆಸ್ಪತ್ರೆಯ ಚೀಟಿಯಲ್ಲಿ ಯಾರೋ ಅವಸರದಲ್ಲಿ ಬರೆಸಿದ ಹೆಸರೇ ಮರಣ ಪತ್ರಕ್ಕೂ ಹೋಗಿಬಿಟ್ಟಿರುತ್ತದೆ. ಮರಣ ಪತ್ರದಲ್ಲಿ ತಪ್ಪಿದ್ದರೆ ಅದನ್ನು ಕೊಟ್ಟ ಕಚೇರಿಯಲ್ಲೇ ಮೊದಲು ತಿದ್ದಿಸಿ. ಇನಿಷಿಯಲ್ಲಿನಂಥ ಸಣ್ಣ ವ್ಯತ್ಯಾಸಕ್ಕೆ "ಈ ಎಲ್ಲ ಹೆಸರೂ ಒಬ್ಬರದೇ" ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸಿ ಇಟ್ಟುಕೊಳ್ಳಿ. ಅರ್ಜಿ ಹಾಕಿದ ಮೇಲೆ ಇದಕ್ಕೆ ಓಡಾಡುವುದಕ್ಕಿಂತ ಮುಂಚೆಯೇ ಮುಗಿಸುವುದು ಎಷ್ಟೋ ವಾಸಿ.

ಹಂತ 3: ವಾರಸುದಾರರು ಯಾರು? ಒಬ್ಬರನ್ನೂ ಬಿಡಬೇಡಿ

ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ವಿಲ್ ಇಲ್ಲದೆ ತೀರಿಕೊಂಡ ಗಂಡಸಿನ ಸ್ವಂತ ಆಸ್ತಿ ಮೊದಲು ಹೋಗುವುದು ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತಾಯಿಗೆ. ಎಲ್ಲರಿಗೂ ಸಮಪಾಲು. ಉದಾಹರಣೆಗೆ ಅಮ್ಮ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು, ಜೊತೆಗೆ ಅಪ್ಪನ ತಾಯಿಯೂ ಬದುಕಿದ್ದಾರೆ ಅಂದುಕೊಳ್ಳಿ. ಮನೆಯಲ್ಲಿ 5 ಪಾಲು. ಅಜ್ಜಿಯ ಪಾಲನ್ನು ಜನ ಮರೆತೇಬಿಡುತ್ತಾರೆ! ಅಪ್ಪನಿಗಿಂತ ಮೊದಲೇ ಒಬ್ಬ ಮಗ ತೀರಿಕೊಂಡಿದ್ದರೆ, ಅವನ ಹೆಂಡತಿ ಮಕ್ಕಳಿಗೆ ಸೇರಿ ಒಂದು ಪಾಲು.

ಮನೆ ಅಮ್ಮನ ಹೆಸರಲ್ಲಿದ್ದು, ಅವರು ತೀರಿಕೊಂಡಿದ್ದರೆ ಗಂಡ, ಗಂಡುಮಕ್ಕಳು, ಹೆಣ್ಣುಮಕ್ಕಳಿಗೆ ಸಮಪಾಲು. ಮುಸ್ಲಿಂ ಮತ್ತು ಕ್ರೈಸ್ತ ಕುಟುಂಬಗಳಿಗೆ ಪಾಲಿನ ಲೆಕ್ಕ ಬೇರೆ. ಅದನ್ನು ವಕೀಲರ ಹತ್ತಿರ ಕೇಳಿ. ಮುಂದಿನ ಕಚೇರಿ ಕೆಲಸ ಮಾತ್ರ ಎಲ್ಲರಿಗೂ ಒಂದೇ.

"ಅಕ್ಕನಿಗೆ ಮದುವೆ ಮಾಡಿ ಕೊಟ್ಟಾಯ್ತಲ್ಲ, ಅವಳದೇನಿದೆ?" ಅನ್ನುವ ಮಾತು ಇವತ್ತಿಗೂ ಕೇಳಿಬರುತ್ತದೆ. ಇದಕ್ಕೆ ಕಾನೂನಿನಲ್ಲಿ ಜಾಗ ಇಲ್ಲ. ಅಪ್ಪನ ಸ್ವಂತ ಆಸ್ತಿಯಲ್ಲಿ ಮಗಳ ಪಾಲು 1956ರ ಕಾಯ್ದೆಯಿಂದಲೇ ಇದೆ. ಪಿತ್ರಾರ್ಜಿತದಲ್ಲೂ ಮಗಳು ಹುಟ್ಟಿನಿಂದ ಸಮಪಾಲುದಾರಳು ಅಂತ 2005ರ ತಿದ್ದುಪಡಿ ಹೇಳಿತು. 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನಷ್ಟು ಬಿಡಿಸಿ ಹೇಳಿದೆ. ಮದುವೆ ಆಗಿದೆಯೋ ಇಲ್ಲವೋ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ.

ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು. ಅಫಿಡವಿಟ್ ಕೇಳುತ್ತಾರೆ, ಕಂದಾಯ ಇಲಾಖೆಯವರು ವಿಚಾರಣೆ ಮಾಡುತ್ತಾರೆ. ಆ ಅಫಿಡವಿಟ್‌ನಲ್ಲಿ ಅಕ್ಕ-ತಂಗಿಯರ ಹೆಸರು ಬಿಟ್ಟು ಬರೆಸಿ ಅಂತ ಯಾರಾದರೂ ಸಲಹೆ ಕೊಟ್ಟರೆ ದಯವಿಟ್ಟು ಕೇಳಬೇಡಿ. ಸುಳ್ಳು ಪ್ರಮಾಣ ಮಾಡುವುದು ಅಪರಾಧ. ಅದರ ಮೇಲೆ ಮಾಡಿಸಿದ ಖಾತೆ, ಮಾರಾಟ ಎಲ್ಲವೂ ಮುಂದೊಂದು ದಿನ ಕೋರ್ಟಿನಲ್ಲಿ ಅಲುಗಾಡುತ್ತದೆ. ಮನೆ ಕೊಂಡವರೂ ಬೀದಿಗೆ ಬರುತ್ತಾರೆ.

ಹಂತ 4: ಮೊದಲು ಎಲ್ಲರ ಹೆಸರಿಗೂ ಜಂಟಿ ಖಾತೆ

ಜನ ಸಾಮಾನ್ಯವಾಗಿ ಉಲ್ಟಾ ಮಾಡುತ್ತಾರೆ. ಮನೆ ಯಾರಿಗೆ ಅಂತ ಮೊದಲು ತೀರ್ಮಾನ ಮಾಡಿ, ಆ ಒಬ್ಬರ ಹೆಸರಿಗೇ ನೇರವಾಗಿ ಖಾತೆ ಕೇಳುತ್ತಾರೆ. ಅಲ್ಲಿಗೆ ಕಡತ ನಿಂತುಹೋಗುತ್ತದೆ. ನನ್ನ ಸಲಹೆ: ಮೊದಲು ವಂಶವೃಕ್ಷದಲ್ಲಿರುವ ಎಲ್ಲರ ಹೆಸರಿಗೂ ಪೌತಿ ಖಾತೆ ಮಾಡಿಸಿ. ಪೌತಿ ಅಂದರೆ ಸಾವಿನ ಕಾರಣಕ್ಕೆ ಆಗುವ ಬದಲಾವಣೆ. ಇದಕ್ಕೆ ಹಂಚಿಕೆ ತೀರ್ಮಾನ ಆಗಿರಬೇಕಿಲ್ಲ, ಯಾರೂ ಹಕ್ಕು ಬಿಟ್ಟುಕೊಡಬೇಕಿಲ್ಲ. ಆದ್ದರಿಂದ ಯಾರೂ ತಕರಾರು ಮಾಡುವ ಸಂಭವ ಕಡಿಮೆ.

ಇನ್ನೊಂದು ಕಾರಣವೂ ಇದೆ. 2024ರ ಅಕ್ಟೋಬರಿನಿಂದ ರಾಜ್ಯದ ನಗರ ಪ್ರದೇಶಗಳಲ್ಲಿ ಆಸ್ತಿ ನೋಂದಣಿಗೆ ಇ-ಖಾತೆ ಕಡ್ಡಾಯ. ಇ-ಖಾತೆ ಅಂದರೆ ಇ-ಆಸ್ತಿ ತಂತ್ರಾಂಶದಲ್ಲಿ ದಾಖಲಾಗಿ, ಅಲ್ಲಿಂದ ಬರುವ ಖಾತೆ. ಅದಿಲ್ಲದೆ ವಿಭಾಗ ಪತ್ರವಾಗಲಿ ಹಕ್ಕು ಬಿಡುಗಡೆ ಪತ್ರವಾಗಲಿ ನೋಂದಣಿ ಆಗುವುದು ಕಷ್ಟ. ಆದ್ದರಿಂದ ಈ ಅರ್ಜಿಯಲ್ಲೇ ಪೌತಿ ಬದಲಾವಣೆ, ಇ-ಖಾತೆ ಎರಡನ್ನೂ ಕೇಳಿ.

ತಂದೆ ತೀರಿಕೊಂಡ ಒಂದು ವರ್ಷದೊಳಗೆ ವಾರಸುದಾರರು ಪಾಲಿಕೆಗೆ ತಿಳಿಸಬೇಕು ಅಂತ ನಿಯಮ ಇದೆ. ಅದು ದಾಟಿದ್ದರೂ ಖಾತೆ ಆಗುತ್ತದೆ. ಇನ್ನೂ ತಡ ಮಾಡಬೇಡಿ, ಅಷ್ಟೇ.

ಅರ್ಜಿ ಕೊಟ್ಟಾಗ ಸ್ವೀಕೃತಿ ಕೇಳಿ ಪಡೆಯಿರಿ. ಖಾತೆ ವರ್ಗಾವಣೆ ಸಕಾಲ ಸೇವೆಯಲ್ಲಿ, ಅಂದರೆ ಗಡುವಿನೊಳಗೆ ಮಾಡಿಕೊಡಲೇಬೇಕಾದ ಸರ್ಕಾರಿ ಸೇವೆಗಳ ಪಟ್ಟಿಯಲ್ಲಿ ಬರುತ್ತದೆ, ಸ್ವೀಕೃತಿಯಲ್ಲಿ ಸಕಾಲ ಸಂಖ್ಯೆ ಇರಬೇಕು. ಸುಮ್ನೆ "ಇಟ್ಟು ಹೋಗಿ, ನೋಡ್ತೀವಿ" ಅಂದರೆ ಒಪ್ಪಬೇಡಿ. ಹಣವನ್ನು ಚಲನ್‌ನಲ್ಲಿ ಬಂದಷ್ಟೇ ಕಟ್ಟಿ. ಕಚೇರಿ ಬಾಗಿಲಲ್ಲಿ "ನಾನು ಮಾಡಿಸಿಕೊಡ್ತೀನಿ" ಅನ್ನುವವರ ಕೈಗೆ ಮೂಲ ಪತ್ರ ಕೊಡಲೇಬೇಡಿ. ಕೊಡುವುದಿದ್ದರೆ ಜಿರಾಕ್ಸ್ ಮಾತ್ರ.

ಇ-ಖಾತೆ ಅಂತಿಮ ಆಗುವ ಮುಂಚೆ ಕರಡು ತೋರಿಸಿದರೆ, ಅದನ್ನು ಹಕ್ಕುಪತ್ರದ ಪಕ್ಕ ಇಟ್ಟುಕೊಂಡು ಸಾಲು ಸಾಲಾಗಿ ಓದಿ. ಹೆಸರಿನ ಕಾಗುಣಿತ ನೋಡಿ. ಅಳತೆ ನೋಡಿ: ಪತ್ರದಲ್ಲಿ 30x40 ಇದ್ದು ಖಾತೆಯಲ್ಲಿ 30x38 ಆಗಿದೆಯೇ? ಚೆಕ್ಕುಬಂದಿ ನೋಡಿ. ಚೆಕ್ಕುಬಂದಿ ಅಂದರೆ ನಾಲ್ಕು ದಿಕ್ಕಿನ ಗಡಿ. ಪತ್ರದಲ್ಲಿ ‘ಪೂರ್ವಕ್ಕೆ ರಸ್ತೆ’ ಅಂತಿದ್ದು ಖಾತೆಯಲ್ಲಿ ‘ಪೂರ್ವಕ್ಕೆ ನಿವೇಶನ’ ಆಗಿದ್ದರೆ, ನಾಳೆ ಸಾಲ ಕೊಡುವ ಬ್ಯಾಂಕಿನ ವಕೀಲರು ಅಲ್ಲೇ ಹಿಡಿಯುತ್ತಾರೆ. ಒಮ್ಮೆ ಅಂತಿಮ ಆಯ್ತು ಅಂದರೆ ತಿದ್ದುಪಡಿಗೆ ಮತ್ತೊಂದು ಅರ್ಜಿ.

ಬಡಾವಣೆಗೆ ಮಂಜೂರಾತಿ ಇಲ್ಲದಿದ್ದರೆ ನಿಮಗೆ ಬರುವುದು ಬಿ ಖಾತೆ. ಅದು ಕಂದಾಯ ವಸೂಲಿಗಾಗಿ ಇಟ್ಟ ಬೇರೆ ಪುಸ್ತಕ. ಬಿ ಖಾತೆ ಸಿಕ್ಕಿತು ಅಂದರೆ ಬಡಾವಣೆ ಸಕ್ರಮ ಆಯಿತು ಅಂತಲ್ಲ.

ಹಂತ 5: ಒಬ್ಬರ ಹೆಸರಿಗೆ ಬರಬೇಕಾದರೆ ನೋಂದಾಯಿತ ಪತ್ರ

ಜಂಟಿ ಖಾತೆ ಆಯಿತು. ಮನೆಯನ್ನು ಅಮ್ಮನ ಹೆಸರಿಗೋ, ತಮ್ಮನ ಹೆಸರಿಗೋ ಮಾಡೋಣ ಅಂತ ಎಲ್ಲರೂ ಒಪ್ಪಿದ್ದೀರಿ. ಆಗ ಎರಡು ದಾರಿ ಇವೆ. ಆಸ್ತಿಯನ್ನು ಹಂಚಿಕೊಳ್ಳುವುದಾದರೆ ವಿಭಾಗ ಪತ್ರ. ಕೆಲವರು ತಮ್ಮ ಪಾಲನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದಾದರೆ ಹಕ್ಕು ಬಿಡುಗಡೆ ಪತ್ರ. ಎರಡೂ ನೋಂದಣಿ ಆಗಲೇಬೇಕು. ಜಿಲ್ಲೆಯೊಳಗಿನ ಯಾವುದೇ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮಾಡಿಸಬಹುದು. ಕುಟುಂಬದೊಳಗಿನ ಈ ಪತ್ರಗಳಿಗೆ ಮುದ್ರಾಂಕ ಶುಲ್ಕ ಕ್ರಯಪತ್ರಕ್ಕಿಂತ ತುಂಬಾ ಕಡಿಮೆ. ಎಷ್ಟು ಅಂತ ಕಾವೇರಿ 2.0 ಲೆಕ್ಕ ಹಾಕಿ ತೋರಿಸುತ್ತದೆ.

ನೋಟರಿ ಮುಂದೆ ಛಾಪಾ ಕಾಗದದಲ್ಲಿ "ನನ್ನ ಪಾಲು ಅಣ್ಣನಿಗೆ ಬಿಟ್ಟಿದ್ದೇನೆ" ಅಂತ ಬರೆದು ಸಹಿ ಹಾಕಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಅದರಿಂದ ಪಾಲು ಕೈ ಬದಲಾಗುವುದಿಲ್ಲ. ಸ್ಥಿರಾಸ್ತಿಯ ಹಕ್ಕು ಬಿಡುವ ಪತ್ರ ನೋಂದಣಿ ಆಗದಿದ್ದರೆ ಕಾನೂನಿನ ಕಣ್ಣಲ್ಲಿ ಅದಕ್ಕೆ ಬೆಲೆ ಇಲ್ಲ. ಹತ್ತು ವರ್ಷ ಬಿಟ್ಟು ತಂಗಿಯ ಮಕ್ಕಳು ಬಂದು ಪಾಲು ಕೇಳಿದರೆ ಕೊಡಬೇಕಾಗುತ್ತದೆ.

ಹಕ್ಕು ಬಿಡುತ್ತಿರುವ ಹೆಣ್ಣುಮಕ್ಕಳಿಗೂ ಒಂದು ಮಾತು. ನಮ್ಮ ಕಡೆ ಪತ್ರದಲ್ಲಿ "ಅರಿಶಿನ ಕುಂಕುಮಕ್ಕಾಗಿ ಇಷ್ಟು ಹಣ ಪಡೆದಿದ್ದೇನೆ" ಅಂತ ಒಂದು ಸಾಲು ಬರೆಸುವ ರೂಢಿ ಇದೆ. ಆ ಹಣ ನಿಜವಾಗಿ ಕೈಗೆ ಬಂದಿದೆಯೇ, ಬಿಟ್ಟುಕೊಡುತ್ತಿರುವುದು ಈ ಒಂದು ಮನೆಯೋ ಅಥವಾ ಊರಿನ ಜಮೀನೂ ಸೇರಿದೆಯೋ, ಷೆಡ್ಯೂಲ್ ಅನ್ನುವ ಕೊನೆಯ ಪುಟವನ್ನು ಪೂರ್ತಿ ಓದಿ. ಷೆಡ್ಯೂಲ್ ಅಂದರೆ ಆಸ್ತಿಯ ವಿವರ. ಖುಷಿಯಿಂದ ಬಿಟ್ಟುಕೊಡುವುದು ನಿಮ್ಮ ಇಷ್ಟ. ಆದರೆ ಗೊತ್ತಿದ್ದು ಬಿಟ್ಟುಕೊಡಿ. ಅಣ್ಣತಮ್ಮಂದಿರಿಗೂ ಅಷ್ಟೇ ಹೇಳುತ್ತೇನೆ: ಪತ್ರದ ಕರಡನ್ನು ಅಕ್ಕನಿಗೆ ಒಂದು ವಾರ ಮುಂಚೆಯೇ ಕಳಿಸಿ. ನೋಂದಣಿ ಕಚೇರಿಯ ಗದ್ದಲದಲ್ಲಿ "ಇಲ್ಲಿ ಸಹಿ, ಇಲ್ಲಿ ಹೆಬ್ಬೆಟ್ಟು" ಅಂತ ಮಾಡಿಸುವುದು ಒಡಹುಟ್ಟಿದವಳಿಗೆ ಮಾಡುವ ಅನ್ಯಾಯ.

ಪಾಲುದಾರರಲ್ಲಿ 18 ವರ್ಷ ತುಂಬದ ಮಕ್ಕಳಿದ್ದರೆ ಅವರ ಪಾಲನ್ನು ತಾಯಿ ಕೂಡ ತಾನಾಗಿಯೇ ಬಿಟ್ಟುಕೊಡುವಂತಿಲ್ಲ, ಕೋರ್ಟಿನ ಅನುಮತಿ ಬೇಕು. ಹೊರದೇಶದಲ್ಲಿರುವವರು ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದ ಅಧಿಕಾರ ಪತ್ರ (ಪವರ್ ಆಫ್ ಅಟಾರ್ನಿ) ಕಳಿಸಬಹುದು. ಅದು ಇಲ್ಲಿಗೆ ಬಂದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು.

ಒಪ್ಪಂದಕ್ಕೆ ಬರಲಾಗದಿದ್ದರೆ? ಪಾಲಿಕೆ ಪಾಲಿನ ಜಗಳ ಬಿಡಿಸುವುದಿಲ್ಲ, ಅದು ಸಿವಿಲ್ ಕೋರ್ಟಿನ ಕೆಲಸ. ಅದಕ್ಕೂ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬಾಗಿಲು ತಟ್ಟಿ. ಮೈಸೂರಲ್ಲೂ ಇದೆ, ಮಂಡ್ಯದಲ್ಲೂ ಇದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತ.

ಪತ್ರ ನೋಂದಣಿ ಆದಮೇಲೆ 3 ತಿಂಗಳೊಳಗೆ ಮತ್ತೆ ಖಾತೆ ಬದಲಾವಣೆಗೆ ಅರ್ಜಿ ಹಾಕಿ. ಈ ಸಲ ಒಬ್ಬರ ಹೆಸರಿಗೆ.

ಹಂತ 6: ಕಂದಾಯ ನಿಲ್ಲಿಸಬೇಡಿ

"ಖಾತೆ ಆಗಲಿ, ಆಮೇಲೆ ಕಟ್ಟೋಣ" ಅನ್ನುವುದು ದೊಡ್ಡ ತಪ್ಪು. ಕಂದಾಯ ಬಾಕಿ ಇದ್ದರೆ ಖಾತೆಯೇ ಆಗುವುದಿಲ್ಲ. ಅಪ್ಪನ ಹೆಸರಲ್ಲೇ ಇದ್ದರೂ ಕಟ್ಟುತ್ತಾ ಇರಿ. ಏಪ್ರಿಲ್‌ನಲ್ಲಿ ವರ್ಷದ್ದು ಪೂರ್ತಿ ಕಟ್ಟಿದರೆ ಶೇ. 5 ರಿಯಾಯಿತಿ. ಮೇ, ಜೂನ್‌ನಲ್ಲಿ ರಿಯಾಯಿತಿ ಇಲ್ಲ, ದಂಡವೂ ಇಲ್ಲ. ಜುಲೈನಿಂದ ತಿಂಗಳಿಗೆ ಶೇ. 2 ದಂಡ. ಕಂದಾಯ 6,000 ರೂಪಾಯಿ ಅಂದರೆ ಏಪ್ರಿಲ್‌ನಲ್ಲಿ 300 ಉಳಿಯುತ್ತದೆ, ಜುಲೈ ನಂತರ ತಿಂಗಳಿಗೆ 120 ಜಾಸ್ತಿ ಆಗುತ್ತದೆ.

ನಮ್ಮಲ್ಲಿ ಸ್ವಯಂ ಘೋಷಣೆ ಪದ್ಧತಿ ಇದೆ. ಅಂದರೆ ಮನೆ ಎಷ್ಟು ಚದರ, ಎಷ್ಟು ಮಹಡಿ, ಬಾಡಿಗೆಗಿದೆಯೋ ಅಂತ ನೀವೇ ಬರೆದು ಕೊಡುವುದು. ಅಪ್ಪ ಬರೆದ ಮೇಲೆ ಮೇಲಿನ ಮಹಡಿ ಕಟ್ಟಿದ್ದರೆ ಅದನ್ನೂ ಸೇರಿಸಿ. ಮುಚ್ಚಿಟ್ಟದ್ದು ಸ್ಥಳ ಪರಿಶೀಲನೆಯಲ್ಲಿ ಸಿಕ್ಕರೆ ಹಿಂದಿನ ವರ್ಷಗಳದ್ದೂ ಸೇರಿ ಬರುತ್ತದೆ.

ಆದಾಯ ತೆರಿಗೆಯ ಭಯ ತುಂಬಾ ಜನರಿಗಿದೆ. ತಂದೆಯಿಂದ ಮನೆ ಬಂದದ್ದಕ್ಕೆ ತೆರಿಗೆ ಇಲ್ಲ. ಬಾಡಿಗೆ ಬರುತ್ತಿದ್ದರೆ ಪಾಲುದಾರರು ತಮ್ಮ ತಮ್ಮ ಪಾಲನ್ನು ಆದಾಯದಲ್ಲಿ ತೋರಿಸಬೇಕು. ಮಾರಿದಾಗ ಬರುವ ಲಾಭಕ್ಕೆ ತೆರಿಗೆ ಇದೆ, ಅದರ ಲೆಕ್ಕ ಶುರುವಾಗುವುದು ಅಪ್ಪ ಕೊಂಡ ಬೆಲೆಯಿಂದ. 2001ರ ಏಪ್ರಿಲ್ 1ಕ್ಕಿಂತ ಮೊದಲು ಕೊಂಡಿದ್ದರೆ ಆ ದಿನದ ಮೌಲ್ಯ ಹಿಡಿಯಬಹುದು. ಆದ್ದರಿಂದ ಹಳೇ ಕ್ರಯಪತ್ರ, ಮನೆ ಕಟ್ಟಿಸಿದ ಲೆಕ್ಕದ ಪುಸ್ತಕ ಯಾವುದನ್ನೂ ರದ್ದಿಗೆ ಹಾಕಬೇಡಿ.

ಹಂತ 7: ಕರೆಂಟು, ನೀರು

ಖಾತೆ ಆದಮೇಲೆ ಇದು ಸುಲಭ. ಮೈಸೂರು, ಮಂಡ್ಯ ಎರಡಕ್ಕೂ ಕರೆಂಟು ಕೊಡುವುದು ಸೆಸ್ಕ್, ಅಂದರೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. ಬಿಲ್ಲಿನ ಆರ್.ಆರ್. ನಂಬರ್, ಹೊಸ ಖಾತೆ, ಮರಣ ಪತ್ರ ತೆಗೆದುಕೊಂಡು ನಿಮ್ಮ ಉಪವಿಭಾಗದ ಕಚೇರಿಗೆ ಹೋಗಿ. ಅಪ್ಪ ಇಟ್ಟಿದ್ದ ಠೇವಣಿಯನ್ನು ನಿಮ್ಮ ಹೆಸರಿಗೆ ವರ್ಗಾಯಿಸಲು ಅದೇ ಅರ್ಜಿಯಲ್ಲಿ ಕೇಳಿ. ಗೃಹಜ್ಯೋತಿ ಅಪ್ಪನ ಆಧಾರ್‌ಗೆ ಜೋಡಣೆ ಆಗಿದ್ದರೆ ಅದನ್ನು ಬಿಡಿಸಿ, ಈಗ ಮನೆಯಲ್ಲಿ ವಾಸ ಇರುವವರ ಆಧಾರ್‌ಗೆ ಜೋಡಿಸಬೇಕು. ಬಾಡಿಗೆದಾರರಿಗೂ ಈ ಯೋಜನೆ ಸಿಗುತ್ತದೆ. ಸಂದೇಹ ಇದ್ದರೆ 1912ಕ್ಕೆ ಫೋನ್ ಮಾಡಿ.

ಮೈಸೂರಲ್ಲಿ ನೀರಿನ ಹೆಸರು ಬದಲಾವಣೆ ವಾಣಿ ವಿಲಾಸ ನೀರು ಸರಬರಾಜು ಕಚೇರಿಯಲ್ಲಿ. ಹಳೇ ಬಾಕಿ ಎಷ್ಟಿದೆ ಅಂತ ಮೊದಲೇ ನೋಡಿಕೊಂಡು ಹೋಗಿ.

ಹಂತ 8: ಅರ್ಜಿ ಅಲ್ಲಾಡದಿದ್ದರೆ

ಸಕಾಲದ ಗಡುವು ದಾಟಿದರೆ ಮೇಲ್ಮನವಿ ಹಾಕಬಹುದು. ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರವೂ ಇದೆ. ಮೊತ್ತ ಸಣ್ಣದು, ಆದರೆ ಮೇಲ್ಮನವಿ ಹೋಯಿತು ಅಂದರೆ ತಡ ಮಾಡಿದವರು ಮೇಲಿನ ಅಧಿಕಾರಿಗೆ ಕಾರಣ ಹೇಳಬೇಕಾಗುತ್ತದೆ.

ಅದಕ್ಕೂ ಜಗ್ಗದಿದ್ದರೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರುವಂತಿಲ್ಲ, ಹಾಗಾಗಿ ಕಥೆ ಬರೆಯಬೇಡಿ. "ಏಕೆ ಮಾಡಿಲ್ಲ?" ಅಂತಲೂ ಕೇಳಬೇಡಿ, ಅದಕ್ಕೆ ಅವರು ಉತ್ತರ ಕೊಡಬೇಕಿಲ್ಲ. ಕಾಗದ ಕೇಳಿ. ಹೀಗೆ ಬರೆದರೆ ಸಾಕು:

"ಸಕಾಲ ಸಂಖ್ಯೆ ಇಂಥದ್ದು, ದಿನಾಂಕ ಇಂಥದ್ದು. ಈ ಖಾತೆ ವರ್ಗಾವಣೆ ಅರ್ಜಿಗೆ ಸಂಬಂಧಿಸಿದ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ನಕಲು ಕೊಡಿ. ಅರ್ಜಿ ಯಾವ ದಿನ ಯಾವ ಅಧಿಕಾರಿಗೆ ಹೋಯಿತು, ಯಾವ ದಿನ ಅಲ್ಲಿಂದ ಹೊರಬಂತು ಎಂದು ತೋರಿಸುವ ದಾಖಲೆಯ ನಕಲು ಕೊಡಿ."